ಸಣ್ಣ ಲೀಗಿಗೆ ಫ್ಯಾಂಟಸಿ ಫುಟ್‌ಬಾಲ್: ದೊಗಳೆ ಅಂಗಿಯನ್ನು ಅಳತೆಗೆ ಹೊಲಿಯುವುದು ಹೇಗೆ?

"ಇಂಗ್ಲೆಂಡಿನ ಪ್ರೀಮಿಯರ್ ಲೀಗಿಗೆ ಫ್ಯಾಂಟಸಿ ಆಡ್ತೇವಲ್ಲ, ಸೂಪರ್ ಲೀಗ್ ಕೇರಳಕ್ಕೂ ಹಾಗೇ ಆಡಬಹುದಾ?" ಮಂಗಳೂರಿನಲ್ಲಿ ಫುಟ್‌ಬಾಲ್ ನೋಡುವ ಗೆಳೆಯರು ಸಿಕ್ಕಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಕೆಲವರು ದೇಶದ ಮೇಲಿನ ಹಂತದ ಐಎಸ್‌ಎಲ್‌ಗೆ (ಇಂಡಿಯನ್ ಸೂಪರ್ ಲೀಗ್) ಕೇಳುತ್ತಾರೆ, ಕೆಲವರು ಅದರ ಕೆಳಗಿನ ಐ-ಲೀಗಿಗೆ. ಉಡುಪಿಯಿಂದಲೂ ಇದೇ ಪ್ರಶ್ನೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಯಿತು ಮಾರಾಯ್ರೇ, ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ.

ಆಡಬಹುದು. ಆದರೆ ಇಂಗ್ಲಿಷ್ ಲೀಗಿನ ನಿಯಮವನ್ನು ಇದ್ದ ಹಾಗೇ ತಂದು ಹಾಕಬೇಡಿ. ನಾವು ಮೊದಲ ಸಲ ಹಾಗೇ ಮಾಡಿದೆವು. ಮೂರನೇ ವಾರಕ್ಕೆ ಎಲ್ಲರ ತಂಡವೂ ಒಂದೇ ಥರ ಆಗಿತ್ತು. ಐದನೇ ವಾರಕ್ಕೆ ವಾಟ್ಸಾಪ್ ಗುಂಪಿನಲ್ಲಿ ಗುಡ್ ಮಾರ್ನಿಂಗ್ ಚಿತ್ರ ಬಿಟ್ಟರೆ ಬೇರೇನೂ ಇರಲಿಲ್ಲ.

ಗೊತ್ತಿಲ್ಲದವರಿಗೆ: ಫ್ಯಾಂಟಸಿ ಫುಟ್‌ಬಾಲ್ ಎಂದರೆ ನಿಜವಾದ ಲೀಗಿನ ಆಟಗಾರರನ್ನು ಆರಿಸಿ ಕಾಗದದ ಮೇಲೆ ನಿಮ್ಮದೊಂದು ತಂಡ ಕಟ್ಟುವುದು. ಆ ಆಟಗಾರರು ಮೈದಾನದಲ್ಲಿ ಗೋಲು ಹೊಡೆದರೆ ನಿಮಗೆ ಅಂಕ, ಕಾರ್ಡ್ ಪಡೆದರೆ ನಿಮಗೆ ನಷ್ಟ. ತಂಡ ಕಟ್ಟುವವರನ್ನು ಮ್ಯಾನೇಜರ್ ಅನ್ನುತ್ತಾರೆ. ಈ ಲೇಖನದಲ್ಲಿ ಮ್ಯಾನೇಜರ್ ಅಂದರೆ ನೀವು, ಕ್ಲಬ್ಬಿನ ಕೋಚ್ ಅಲ್ಲ.

ಶುರು ಮಾಡುವ ಮೊದಲು ಬೇಕಾದದ್ದು ಜಾಸ್ತಿ ಏನಿಲ್ಲ. ಐದರಿಂದ ಹತ್ತು ಜನ, ಒಂದು ಗೂಗಲ್ ಶೀಟ್, ಒಂದು ವಾಟ್ಸಾಪ್ ಗುಂಪು, ಲೀಗಿನ ವೇಳಾಪಟ್ಟಿ. ಅಂಕ ಬರೆಯಲು ಒಬ್ಬರು, ಅದನ್ನು ಪರೀಕ್ಷಿಸಲು ಇನ್ನೊಬ್ಬರು. ಈ ಎರಡನೆಯವರು ಕಡ್ಡಾಯ. ಒಬ್ಬರೇ ಬರೆದರೆ ಅವರು ಗೆದ್ದ ವಾರ ಜಗಳ ಗ್ಯಾರಂಟಿ.

ದುಡ್ಡಿನ ವಿಷಯವನ್ನೂ ಈಗಲೇ ಮುಗಿಸಿಬಿಡೋಣ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಅಂಗೀಕರಿಸಿತು. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ಅದು ನಿಷೇಧಿಸುತ್ತದೆ. ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಭೇದ ಅಲ್ಲಿಲ್ಲ. ಡ್ರೀಮ್11 ಕೂಡ ತನ್ನ ಹಣದ ಸ್ಪರ್ಧೆಗಳನ್ನು ನಿಲ್ಲಿಸಿತು. ಹಾಗಾಗಿ "ತಲಾ ನೂರು ರೂಪಾಯಿ ಯುಪಿಐ ಮಾಡಿ" ಎಂಬ ಮಾತೇ ಬೇಡ. ಪ್ರವೇಶ ಶುಲ್ಕ ಇಲ್ಲ, ಬಹುಮಾನದ ಹಣ ಇಲ್ಲ. ನಮ್ಮ ಗುಂಪಿನಲ್ಲಿ ಗೆದ್ದವನಿಗೆ ಕಡೆಯ ದಿನ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ಎಲ್ಲರೂ ಅವರವರ ಗಡ್‌ಬಡ್ ಐಸ್‌ಕ್ರೀಮ್ ಅವರವರೇ ತಿನ್ನುತ್ತಾರೆ.

1. ಮೊದಲು ತಲೆ ಎಣಿಸಿ

ಎಲ್ಲರೂ ಬಿಟ್ಟುಬಿಡುವ ಹೆಜ್ಜೆ ಇದೇ. ಮುಂದಿನ ಎಲ್ಲ ನಿಯಮಗಳೂ ಈ ಲೆಕ್ಕದಿಂದಲೇ ಹುಟ್ಟಬೇಕು.

ಇಂಗ್ಲಿಷ್ ಪ್ರೀಮಿಯರ್ ಲೀಗಿನಲ್ಲಿ 20 ಕ್ಲಬ್, 38 ಸುತ್ತು. ಅಲ್ಲಿನ ಅಧಿಕೃತ ಫ್ಯಾಂಟಸಿಯಲ್ಲಿ 15 ಆಟಗಾರರ ತಂಡ ಕಟ್ಟಬೇಕು, ಒಂದು ಕ್ಲಬ್ಬಿನಿಂದ ಹೆಚ್ಚೆಂದರೆ 3 ಜನ. ಪ್ರತಿ ಸುತ್ತಿನಲ್ಲೂ 20 ಗುಣಿಸು 11, ಅಂದರೆ 220 ಜನ ಮೊದಲ ಹನ್ನೊಂದರಲ್ಲಿ ಇಳಿಯುತ್ತಾರೆ. ಅವರಲ್ಲಿ 15 ಜನರನ್ನು ಆರಿಸುವುದು ಎಂದರೆ ಹದಿನೈದರಲ್ಲಿ ಒಬ್ಬರನ್ನು ಆರಿಸಿದ ಹಾಗೆ.

ಈಗ ಸೂಪರ್ ಲೀಗ್ ಕೇರಳ ನೋಡಿ. 2024ರಲ್ಲಿ ಶುರುವಾಯಿತು. ಆರು ಕ್ಲಬ್: ಕ್ಯಾಲಿಕಟ್, ಕಣ್ಣೂರು, ಮಲಪ್ಪುರಂ, ತೃಶ್ಶೂರ್, ಕೊಚ್ಚಿ, ತಿರುವನಂತಪುರ. ಪ್ರತಿ ಕ್ಲಬ್ ಉಳಿದ ಐದರ ಜೊತೆ ಎರಡೆರಡು ಸಲ ಆಡುತ್ತದೆ, ಹಾಗಾಗಿ 10 ಸುತ್ತು. ಆಮೇಲೆ ಸೆಮಿಫೈನಲ್, ಫೈನಲ್. ಮೊದಲ ವರ್ಷ ಕ್ಯಾಲಿಕಟ್ ಗೆದ್ದಿತು. ಇಲ್ಲಿ ಒಂದು ಸುತ್ತಿನಲ್ಲಿ ಮೊದಲ ಹನ್ನೊಂದರಲ್ಲಿ ಇಳಿಯುವವರು 66 ಜನ. 15 ಜನರ ತಂಡ ಕಟ್ಟಿದರೆ ಸುಮಾರು ಕಾಲುಭಾಗ ನಿಮ್ಮ ಜೇಬಿನಲ್ಲೇ ಇರುತ್ತದೆ! ಪಕ್ಕದವನ ಜೇಬಿನಲ್ಲೂ ಹೆಚ್ಚುಕಮ್ಮಿ ಅದೇ ಜನ. ಇನ್ನು ಸ್ಪರ್ಧೆ ಎಲ್ಲಿಂದ ಬರಬೇಕು?

ನಿಮ್ಮ ಲೀಗಿನ ಕ್ಲಬ್ಬುಗಳನ್ನು 11ರಿಂದ ಗುಣಿಸಿ. ಬಂದ ಸಂಖ್ಯೆಯನ್ನು 7ರಿಂದ ಭಾಗಿಸಿ. ನಿಮ್ಮ ತಂಡದ ಗಾತ್ರ ಅದರ ಆಸುಪಾಸು ಇರಲಿ. 66ಕ್ಕೆ 9 ಬರುತ್ತದೆ. 2024-25ರ ಐಎಸ್‌ಎಲ್‌ನಲ್ಲಿ 13 ಕ್ಲಬ್ ಇದ್ದವು, ಅಂದರೆ 143 ಜನ. ಈ ಲೆಕ್ಕಕ್ಕೆ 20 ಬಂದರೂ ಅಲ್ಲಿ 14 ಜನರ ತಂಡವೇ ಸಾಕು, ಅದಕ್ಕಿಂತ ದೊಡ್ಡದನ್ನು ಸಂಭಾಳಿಸುವುದು ಕಷ್ಟ. ಇದು ಯಾವ ಶಾಸ್ತ್ರವೂ ಅಲ್ಲ, ನಾನು ಕೈಯಾರೆ ಮಾಡಿ ನೋಡಿದ ಅಂದಾಜು.

2. ಬಜೆಟ್ಟೋ, ಡ್ರಾಫ್ಟೋ?

ಬಜೆಟ್ ಮಾದರಿಯಲ್ಲಿ ಎಲ್ಲರಿಗೂ ಸಮಾನ ಹಣ. ಒಬ್ಬ ಆಟಗಾರನನ್ನು ಎಷ್ಟು ಜನ ಬೇಕಾದರೂ ಕೊಳ್ಳಬಹುದು. ಡ್ರಾಫ್ಟ್ ಮಾದರಿಯಲ್ಲಿ ಸರದಿಯ ಪ್ರಕಾರ ಒಬ್ಬೊಬ್ಬರೇ ಆಟಗಾರರನ್ನು ಎತ್ತಿಕೊಳ್ಳುವುದು. ನೀವು ಎತ್ತಿದವನು ಬೇರೆಯವರಿಗೆ ಸಿಗುವುದಿಲ್ಲ.

ಸಣ್ಣ ಲೀಗಿಗೆ ಡ್ರಾಫ್ಟ್ ಮಜಾ ಕೊಡುತ್ತದೆ. ಎಲ್ಲರ ತಂಡ ಒಂದೇ ಆಗುವ ರಗಳೆಯೇ ಇಲ್ಲ. ಆದರೆ ಜನ ಜಾಸ್ತಿಯಾದರೆ ಆಟಗಾರರು ಖಾಲಿಯಾಗುತ್ತಾರೆ. ಗೋಲ್‌ಕೀಪರ್ ಬಿಟ್ಟರೆ ಆರು ಕ್ಲಬ್ಬಿನಲ್ಲಿ ಮೊದಲ ಹನ್ನೊಂದರ ಆಟಗಾರರು 60 ಜನ. ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಎತ್ತಬಾರದು, ಇಲ್ಲವಾದರೆ ಗಾಯಾಳುವಿಗೆ ಬದಲಿ ಸಿಗುವುದಿಲ್ಲ. ಅಂದರೆ 40 ಜನ. ತಲಾ 8ರಂತೆ 5 ಮ್ಯಾನೇಜರ್‌ಗಳಿಗೆ ಸರಿಹೋಯಿತು. ಆರನೆಯವರು ಬಂದರೆ ಬಜೆಟ್ ಮಾದರಿಗೆ ಹೋಗಿ.

ಡ್ರಾಫ್ಟ್ ಮಾಡುವುದಾದರೆ ಸರದಿ ಹಾವಿನಂತೆ ತಿರುಗಲಿ. ಮೊದಲ ಸುತ್ತಿನಲ್ಲಿ 1ರಿಂದ 5, ಎರಡನೆಯದರಲ್ಲಿ 5ರಿಂದ 1. ಚೀಟಿ ಎತ್ತಿ ಸರದಿ ನಿರ್ಧರಿಸಿ. ಒಂದೇ ಕಡೆ ಕೂತು ಮಾಡಿದರೆ ಒಂದೂವರೆ ಗಂಟೆ ಸಾಕು. ವಾಟ್ಸಾಪಿನಲ್ಲಿ ಮಾಡಿದರೆ ಮೂರು ದಿನ.

ಇಲ್ಲಿಂದ ಮುಂದೆ ಎಂಟು ಜನರ ಬಜೆಟ್ ಮಾದರಿಯನ್ನೇ ಇಟ್ಟುಕೊಂಡು ಹೇಳುತ್ತೇನೆ, ಹೆಚ್ಚಿನವರು ಕೇಳುವುದು ಅದನ್ನೇ.

3. ತಂಡದ ಆಕಾರ ಮತ್ತು ಬೆಲೆ

ಒಂಬತ್ತು ಸ್ಥಾನ. ಅದರಲ್ಲಿ ಒಂದು ಗೋಲ್‌ಪೋಸ್ಟ್, ಆರು ಆಟಗಾರರು ಕಣದಲ್ಲಿ, ಇಬ್ಬರು ಬೆಂಚಿನಲ್ಲಿ. ಕಣದ ಆರರಲ್ಲಿ ಕನಿಷ್ಠ 2 ಡಿಫೆಂಡರ್, 1 ಫಾರ್ವರ್ಡ್ ಇರಲಿ. ಉಳಿದದ್ದು ನಿಮ್ಮ ಇಷ್ಟ. ಒಂದು ಕ್ಲಬ್ಬಿನಿಂದ ಗೋಲ್‌ಪೋಸ್ಟೂ ಸೇರಿ 2 ಮಾತ್ರ.

ಗೋಲ್‌ಪೋಸ್ಟ್ ಅಂದರೇನು ಅಂತೀರಾ? ಸಣ್ಣ ಲೀಗಿನಲ್ಲಿ ಗೋಲ್‌ಕೀಪರ್ ಯಾವಾಗ ಬದಲಾಗುತ್ತಾನೆ ಎಂದು ಪಂದ್ಯದ ಮೊದಲು ಗೊತ್ತಾಗುವುದೇ ಕಷ್ಟ. ಅದಕ್ಕೆ ವ್ಯಕ್ತಿಯನ್ನು ಬಿಟ್ಟು ಕ್ಲಬ್ಬಿನ ಗೋಲ್‌ಪೋಸ್ಟನ್ನೇ ಕೊಳ್ಳಿ. ಆ ದಿನ ಯಾರು ನಿಂತರೂ ಅಂಕ ನಿಮಗೆ. ಈ ಒಂದು ಬದಲಾವಣೆಯಿಂದ ನಮ್ಮ ಗುಂಪಿನ ಅರ್ಧ ಗೊಣಗಾಟ ನಿಂತಿತು.

ಬೆಲೆಗೆ ನಾಲ್ಕೇ ಮಟ್ಟ ಸಾಕು: 10, 8, 6, 4. ಏನು ಹತ್ತು ಅಂತ ಕೇಳಿದರೆ, ನಮ್ಮಲ್ಲಿ ಹತ್ತು ಬಂಗುಡೆ. ರೂಪಾಯಿ ಅಂದರೆ ಸುಮ್ನೆ ಅಪಾರ್ಥ. ಒಟ್ಟು ಬಜೆಟ್ 56 ಬಂಗುಡೆ. ಯಾಕೆ 56? ಮೂರು ಜನ ಹತ್ತರವರನ್ನು ತೆಗೆದುಕೊಂಡರೆ 30 ಹೋಯಿತು. ಉಳಿದ 26ರಲ್ಲಿ ಆರು ಸ್ಥಾನ ತುಂಬಬೇಕು, ಅಂದರೆ ಆರರದು ಒಂದು, ನಾಲ್ಕರವು ಐದು. ತಾರೆಗಳು ಬೇಡವೆಂದರೆ ಎಂಟರವು ನಾಲ್ಕು, ಆರರವು ಎರಡು, ನಾಲ್ಕರವು ಮೂರು. ಅಲ್ಲಿಗೂ 56. ಎರಡು ದಾರಿಯೂ ತೆರೆದಿರಬೇಕು, ಆಗಲೇ ತಂಡಗಳು ಬೇರೆಬೇರೆ ಆಗುತ್ತವೆ.

ಬೆಲೆ ಕಟ್ಟುವುದು ಯಾರು? ಎಲ್ಲರೂ. ಪ್ರತಿಯೊಬ್ಬರೂ ತಮಗೆ ತೋಚಿದ ಮಟ್ಟ ಬರೆದು ಕಳಿಸಲಿ, ನಡುವಿನ ಬೆಲೆಯನ್ನು ಇಟ್ಟುಕೊಳ್ಳಿ. ಹತ್ತರ ಮಟ್ಟದಲ್ಲಿ ಒಟ್ಟು ಆರು ಜನಕ್ಕಿಂತ ಹೆಚ್ಚು ಬೇಡ. ಒಮ್ಮೆ ಕಟ್ಟಿದ ಬೆಲೆ ಐದನೇ ಸುತ್ತಿನವರೆಗೆ ಬದಲಾಗಬಾರದು.

*ಎಡವುವ ಜಾಗ:* ಸ್ಥಾನ. ಯಾರು ಡಿಫೆಂಡರ್, ಯಾರು ಮಿಡ್‌ಫೀಲ್ಡರ್ ಎಂದು ಲೀಗ್ ಶುರುವಾಗುವ ಮೊದಲೇ ಶೀಟಿನಲ್ಲಿ ಬರೆದುಬಿಡಿ. ವಿಂಗ್‌ಬ್ಯಾಕ್, ಅಂದರೆ ರಕ್ಷಣೆಯಲ್ಲಿದ್ದುಕೊಂಡೇ ಅಂಚಿನಲ್ಲಿ ಮೇಲೆ ಕೆಳಗೆ ಓಡುವವನು, ಡಿಫೆಂಡರ್ ಪಟ್ಟಿಯಲ್ಲಿದ್ದರೆ ಚಿನ್ನ. ಅವನು ಎರಡು ಗೋಲು ಹೊಡೆದ ಮೇಲೆ "ಅವನು ಮಿಡ್‌ಫೀಲ್ಡರ್ ಅಲ್ವಾ?" ಎಂದು ಶುರು ಮಾಡುವವರು ಎಲ್ಲ ಗುಂಪಿನಲ್ಲೂ ಇರುತ್ತಾರೆ.

4. ಕಣ್ಣಿಗೆ ಕಂಡದ್ದಕ್ಕೆ ಮಾತ್ರ ಅಂಕ

ಇಂಗ್ಲಿಷ್ ಫ್ಯಾಂಟಸಿ ನಿಂತಿರುವುದು ದತ್ತಾಂಶದ ಮೇಲೆ. ಆಪ್ಟಾ ಎಂಬ ಕಂಪನಿ ಪ್ರತಿ ಪಾಸು, ಪ್ರತಿ ಟ್ಯಾಕಲ್ ಎಣಿಸುತ್ತದೆ. ಅದರಿಂದಲೇ ಅಲ್ಲಿ ಗೋಲ್‌ಕೀಪರ್ ತಡೆದ ಮೂರು ಹೊಡೆತಕ್ಕೆ, ಅಂದರೆ ಮೂರು ಸೇವ್‌ಗೆ, ಒಂದು ಅಂಕ ಕೊಡಲು ಸಾಧ್ಯ. 2025-26ರಿಂದ ಡಿಫೆಂಡರ್ ಒಬ್ಬ ಟ್ಯಾಕಲ್, ತಡೆ, ಕ್ಲಿಯರೆನ್ಸ್ ಎಲ್ಲ ಸೇರಿ ಹತ್ತು ಮಾಡಿದರೆ ಎರಡು ಅಂಕವೂ ಉಂಟು. ನಿಮ್ಮ ಬಳಿ ಅದನ್ನೆಲ್ಲ ಎಣಿಸುವವರು ಯಾರಿದ್ದಾರೆ? ನಾನು ಒಂದು ಪಂದ್ಯಕ್ಕೆ ಸೇವ್ ಎಣಿಸಲು ಕೂತಿದ್ದೆ. ಎರಡನೇ ಅರ್ಧದಲ್ಲಿ ಕರೆಂಟು ಹೋಯಿತು, ಎಣಿಕೆಯೂ ಹೋಯಿತು.

ಹಾಗಾಗಿ ಸ್ಕೋರ್ ಪಟ್ಟಿಯಲ್ಲಿ ಸಿಗುವುದಕ್ಕೆ ಮಾತ್ರ ಅಂಕ ಇಡಿ. ನಮ್ಮ ಪಟ್ಟಿ ಹೀಗಿದೆ:

- ಮೊದಲ ಹನ್ನೊಂದರಲ್ಲಿ ಇಳಿದರೆ 2, ಬದಲಿಯಾಗಿ ಬಂದರೆ 1
- ಗೋಲು: ಡಿಫೆಂಡರ್‌ಗೆ 6, ಮಿಡ್‌ಫೀಲ್ಡರ್‌ಗೆ 5, ಫಾರ್ವರ್ಡ್‌ಗೆ 4. ಗೋಲ್‌ಕೀಪರ್ ಹೊಡೆದರೆ 10, ಜೊತೆಗೆ ಇಡೀ ಗುಂಪಿನ ನಮಸ್ಕಾರ
- ಕ್ಲೀನ್ ಶೀಟ್, ಅಂದರೆ ಎದುರಾಳಿಗೆ ಒಂದೂ ಗೋಲು ಬಿಡದಿರುವುದು: ಗೋಲ್‌ಪೋಸ್ಟ್ ಮತ್ತು ಡಿಫೆಂಡರ್‌ಗೆ 4. ಡಿಫೆಂಡರ್ ಶುರುವಿನಿಂದ ಇಳಿದು, ಕನಿಷ್ಠ ಮೊದಲ ಅರ್ಧ ಪೂರ್ತಿ ಆಡಿರಬೇಕು
- ಪ್ರತಿ ಎರಡು ಗೋಲು ಬಿಟ್ಟುಕೊಟ್ಟರೆ ಅವರಿಗೇ 1 ಕಡಿತ
- ಪೆನಾಲ್ಟಿ ತಡೆದರೆ 5, ಕಳೆದುಕೊಂಡರೆ 2 ಕಡಿತ
- ಹಳದಿ ಕಾರ್ಡ್‌ಗೆ 1, ಕೆಂಪಿಗೆ 3, ಸ್ವಂತ ಗೋಲಿಗೆ 2 ಕಡಿತ
- ಪಂದ್ಯದ ಶ್ರೇಷ್ಠ ಆಟಗಾರ ಎಂದು ಅಧಿಕೃತವಾಗಿ ಘೋಷಿಸಿದರೆ 3

ಇಂಗ್ಲಿಷ್ ಫ್ಯಾಂಟಸಿಯಲ್ಲಿ 60 ನಿಮಿಷದ ಗೆರೆ ಇದೆ, ಅಷ್ಟು ಆಡಿದರೆ 2, ಕಡಿಮೆಯಾದರೆ 1. ಸಣ್ಣ ಲೀಗಿನಲ್ಲಿ ಬದಲಾವಣೆಯ ನಿಮಿಷ ಒಂದೊಂದು ಕಡೆ ಒಂದೊಂದು ಥರ ಬರೆದಿರುತ್ತಾರೆ. 58 ಅಂತ ಒಬ್ಬರು, 61 ಅಂತ ಇನ್ನೊಬ್ಬರು. ಆ ತಂಟೆಯೇ ಬೇಡ ಎಂದು ನಾವು ಶುರುವಿನ ಹನ್ನೊಂದು, ಮೊದಲ ಅರ್ಧ ಎಂದು ಬದಲಿಸಿದೆವು.

ಅಸಿಸ್ಟ್, ಅಂದರೆ ಗೋಲಿಗೆ ಮುಂಚಿನ ಕೊನೆಯ ಪಾಸು, ನಿಜವಾದ ತಲೆನೋವು. ಅಧಿಕೃತ ವರದಿಯಲ್ಲಿ ಇದ್ದರೆ 3 ಅಂಕ ಕೊಡಿ. ಇಲ್ಲದಿದ್ದರೆ ಬರೆಯುವವರು, ಪರೀಕ್ಷಿಸುವವರು ಇಬ್ಬರೂ ಹೈಲೈಟ್ಸ್ ನೋಡಲಿ. ಇಬ್ಬರೂ ಒಂದೇ ಹೆಸರು ಹೇಳಿದರೆ ಅಂಕ. ಬೇರೆ ಹೇಳಿದರೆ ಆ ಗೋಲಿಗೆ ಅಸಿಸ್ಟೇ ಇಲ್ಲ. ಎದುರಾಳಿಗೆ ತಾಗಿ ಬಂದ ಚೆಂಡಿಗೆ ಕೊಡಬೇಕೋ ಬೇಡವೋ? ಬೇಡ. ಕೊಟ್ಟರೆ ಮುಗಿಯುವುದಿಲ್ಲ.

ಇಷ್ಟೇ ಆದರೆ ಚೆನ್ನಾಗಿ ಆಡಿಯೂ ಗೋಲು ಹೊಡೆಯದ ಮಿಡ್‌ಫೀಲ್ಡರ್‌ಗೆ ಹೆಚ್ಚೇನೂ ಸಿಗುವುದಿಲ್ಲ. ಇದಕ್ಕೆ ಇಟಲಿಯವರಿಂದ ಒಂದು ಉಪಾಯ ಕಡ ತರಬಹುದು. ಅಲ್ಲಿ 1990ರ ಸುಮಾರಿಗೆ ಶುರುವಾದ ಫಾಂಟಾಕಾಲ್ಚೊ ಆಟದಲ್ಲಿ ಕ್ರೀಡಾ ಪತ್ರಿಕೆಗಳು ಪ್ರತಿ ಆಟಗಾರನಿಗೆ ಕೊಡುವ ಅಂಕವೇ ಆಧಾರ. ಹತ್ತಕ್ಕೆ 6 ಎಂದರೆ ತೇರ್ಗಡೆ. ಗೋಲಿಗೆ 3 ಸೇರುತ್ತದೆ, ಹಳದಿ ಕಾರ್ಡ್‌ಗೆ ಅರ್ಧ ಅಂಕ ಹೋಗುತ್ತದೆ. ಯಂತ್ರ ಎಣಿಸದ ಕಾಲದಲ್ಲಿ ಪತ್ರಕರ್ತನ ಕಣ್ಣೇ ಲೆಕ್ಕ ಹಾಕುತ್ತಿತ್ತು. ನಮ್ಮ ಸಣ್ಣ ಲೀಗುಗಳು ಇವತ್ತಿಗೂ ಅದೇ ಸ್ಥಿತಿಯಲ್ಲಿವೆ, ಅದಕ್ಕೇ ಇದು ನಮಗೆ ಹೊಂದುತ್ತದೆ.

ನಾವು ಮಾಡುವುದು ಇಷ್ಟು. ಪ್ರತಿ ಪಂದ್ಯಕ್ಕೂ ಗುಂಪಿನ ಇಬ್ಬರು "ಕಣ್ಣು" ಆಗುತ್ತಾರೆ. ಪಂದ್ಯ ಪೂರ್ತಿ ನೋಡಿ, ಮಾತಾಡಿಕೊಳ್ಳದೆ, ಮೂವರು ಉತ್ತಮರಿಗೆ 3, 2, 1 ಕೊಟ್ಟು ಬರೆಯುವವರಿಗೆ ಕಳಿಸುತ್ತಾರೆ. ಎರಡನ್ನೂ ಕೂಡಿಸಿ, ಮೇಲೆ ಬಂದವನಿಗೆ 3, ನಂತರದವರಿಗೆ 2 ಮತ್ತು 1. ತನ್ನ ಆ ವಾರದ ಕ್ಯಾಪ್ಟನ್‌ಗೆ (ಕ್ಯಾಪ್ಟನ್ ಅಂದರೆ ಯಾರು ಎಂದು ಮುಂದಿನ ಹೆಜ್ಜೆಯಲ್ಲಿ ಹೇಳುತ್ತೇನೆ) ಕೊಡುವಂತಿಲ್ಲ. ಈ ಅಂಕ ಇಟ್ಟ ಮೇಲೆ ಜನ ಸ್ಕೋರ್ ನೋಡಿ ಸುಮ್ಮನಾಗುವುದನ್ನು ಬಿಟ್ಟು ಪಂದ್ಯ ನೋಡಲು ಶುರು ಮಾಡಿದರು.

5. ಕ್ಯಾಪ್ಟನ್‌ಗೆ ಕಡಿವಾಣ

ಕ್ಯಾಪ್ಟನ್ ಎಂದರೆ ನೀವು ಆ ವಾರಕ್ಕೆ ಆರಿಸುವ ಒಬ್ಬ ಆಟಗಾರ, ಅವನ ಅಂಕ ಎರಡರಷ್ಟಾಗುತ್ತದೆ. ಸಣ್ಣ ಲೀಗನ್ನು ಕೆಡಿಸುವುದೂ ಇದೇ. 2024-25ರ ಐಎಸ್‌ಎಲ್ ನೆನಪಿದೆಯಾ? ನಾರ್ತ್‌ಈಸ್ಟ್ ಯುನೈಟೆಡ್‌ನ ಅಲಾಯೆದ್ದೀನ್ ಅಜರೈ ಒಬ್ಬನೇ 23 ಗೋಲು ಹೊಡೆದ. ನಂತರದ ಸ್ಥಾನದಲ್ಲಿದ್ದ ಸುನಿಲ್ ಛೆಟ್ರಿಯದು 14. ಅಷ್ಟು ಅಂತರ ಇದ್ದರೆ ಎಲ್ಲರ ಕ್ಯಾಪ್ಟನ್ನೂ ಅಜರೈಯೇ. ಎಲ್ಲರಿಗೂ ಎರಡರಷ್ಟು ಸಿಕ್ಕರೆ ಯಾರಿಗೂ ಸಿಗದಿದ್ದ ಹಾಗೇ ಅಲ್ವಾ?

ನಿಯಮ ಸರಳ. 10 ಸುತ್ತಿನ ಲೀಗಿನಲ್ಲಿ ಒಬ್ಬ ಆಟಗಾರನನ್ನು 3 ಸಲ ಮಾತ್ರ ಕ್ಯಾಪ್ಟನ್ ಮಾಡಬಹುದು. ಪ್ರತಿ ಕ್ಲಬ್ 24 ಪಂದ್ಯ ಆಡುವ ಲೀಗಿನಲ್ಲಿ 6 ಸಲ. ಗೋಲ್‌ಪೋಸ್ಟ್ ಕ್ಯಾಪ್ಟನ್ ಆಗುವಂತಿಲ್ಲ.

ವರ್ಗಾವಣೆ, ಅಂದರೆ ಒಬ್ಬನನ್ನು ಬಿಟ್ಟು ಇನ್ನೊಬ್ಬನನ್ನು ತರುವುದು, ಪ್ರತಿ ಸುತ್ತಿಗೆ 1 ಉಚಿತ. ಉಳಿಸಿಕೊಂಡರೆ ಗರಿಷ್ಠ 2. ಹೆಚ್ಚಿನದಕ್ಕೆ ಇಂಗ್ಲಿಷ್ ಫ್ಯಾಂಟಸಿಯಲ್ಲಿ 4 ಅಂಕ ಕಡಿತ. ಇಲ್ಲಿ ಏಳು ಸ್ಥಾನದಿಂದ ಮಾತ್ರ ಅಂಕ ಬರುವುದರಿಂದ 2 ಸಾಕು. ಇಡೀ ತಂಡವನ್ನೇ ಬದಲಿಸುವ ವೈಲ್ಡ್‌ಕಾರ್ಡ್ ಒಂದೇ ಒಂದು. ಅದು ಐದನೇ ಸುತ್ತಿನ ನಂತರ. ಇಂಗ್ಲಿಷ್ ಫ್ಯಾಂಟಸಿಯಲ್ಲಿ ಅಂಕ ಹೆಚ್ಚಿಸಿಕೊಳ್ಳಲು ಇರುವ ಬೆಂಚ್ ಬೂಸ್ಟ್, ಟ್ರಿಪಲ್ ಕ್ಯಾಪ್ಟನ್ ಎಲ್ಲ ಬಿಟ್ಟುಬಿಡಿ.

6. ಹತ್ತು ಸುತ್ತು, ಎಂಟು ಜನ

ಒಟ್ಟು ಅಂಕದಿಂದ ವಿಜೇತರನ್ನು ಆರಿಸಿದರೆ ಆರನೇ ಸುತ್ತಿಗೆ ಅರ್ಧ ಜನ ಆಸೆ ಬಿಡುತ್ತಾರೆ. ಮುಖಾಮುಖಿ ಇಡಿ. ಎಂಟು ಜನ ಪರಸ್ಪರ ಒಂದೊಂದು ಸಲ ಎದುರಾದರೆ 7 ಸುತ್ತು. ಗೆದ್ದರೆ 3, ಸಮವಾದರೆ 1. ಉಳಿದ ಮೂರು ಸುತ್ತು ಕ್ವಾರ್ಟರ್, ಸೆಮಿ, ಫೈನಲ್. ಕೊನೆಯಲ್ಲಿದ್ದವರಿಗೂ ಎಂಟನೇ ಸುತ್ತಿನವರೆಗೆ ದಾರಿ ಇದೆ. ಹತ್ತಕ್ಕೆ ಹತ್ತು ಸರಿಯಾಗಿ ಕೂತಾಗ ನನಗಾದ ಖುಷಿ ಹೇಳಿದರೆ ನಗುತ್ತೀರಿ.

7. ಗಡುವು, ಮುಂದೂಡಿಕೆ

ತಂಡ ಕಳಿಸುವ ಗಡುವು ಸುತ್ತಿನ ಮೊದಲ ಪಂದ್ಯಕ್ಕೆ ಒಂದೂವರೆ ಗಂಟೆ ಮೊದಲು. ಆಡುವ ಹನ್ನೊಂದರ ಪಟ್ಟಿ ಸಾಮಾನ್ಯವಾಗಿ ಪಂದ್ಯಕ್ಕೆ ಒಂದು ಗಂಟೆ ಇರುವಾಗ ಹೊರಬರುತ್ತದೆ, ಅದನ್ನು ನೋಡಿ ತಂಡ ಬದಲಿಸಲು ಬಿಡಬೇಡಿ. ಗೂಗಲ್ ಫಾರ್ಮ್ ಬಳಸಿದರೆ ಕಳಿಸಿದ ಸಮಯ ತಾನಾಗಿಯೇ ದಾಖಲಾಗುತ್ತದೆ. "ನಾನು ಕಳಿಸಿದ್ದೆ, ನೆಟ್‌ವರ್ಕ್ ಇರಲಿಲ್ಲ" ಎನ್ನುವವರಿಗೆ ಇದೇ ಮದ್ದು. ನವೆಂಬರ್ ಬಂತೆಂದರೆ ಶನಿವಾರ ನಮ್ಮ ಅರ್ಧ ಗುಂಪು ಕಂಬಳದ ಕೋಣಗಳು ಓಡುವ ಕರೆಯ ಬದಿಯಲ್ಲಿರುತ್ತದೆ. ಕಳಿಸದವರಿಗೆ ಹಿಂದಿನ ವಾರದ ತಂಡವೇ ಮುಂದುವರಿಯಲಿ. ಕ್ಯಾಪ್ಟನ್ನಿನ ಮೂರು ಸಲ ಮುಗಿದಿದ್ದರೆ ಆ ವಾರ ಅವರಿಗೆ ಕ್ಯಾಪ್ಟನ್ ಇಲ್ಲ.

ಸುತ್ತನ್ನು ಸಂಖ್ಯೆಯಿಂದ ಗುರುತಿಸಬೇಡಿ, ವಾರದಿಂದ ಗುರುತಿಸಿ. ಮಂಗಳವಾರದಿಂದ ಸೋಮವಾರದವರೆಗೆ ಆಡಿದ ಪಂದ್ಯಗಳೆಲ್ಲ ಆ ವಾರದ್ದು. ಮುಂದೂಡಿದ ಪಂದ್ಯದ ಅಂಕ ಆಡಿದ ವಾರಕ್ಕೆ. ಕ್ಲಬ್ಬುಗಳ ಸಂಖ್ಯೆ ಬೆಸವಾಗಿದ್ದರೆ ಪ್ರತಿ ಸುತ್ತಿನಲ್ಲಿ ಒಂದು ಕ್ಲಬ್ ಖಾಲಿ ಕೂರುತ್ತದೆ. 13 ಕ್ಲಬ್ಬಿನ ಐಎಸ್‌ಎಲ್‌ನಲ್ಲಿ ಹಾಗೇ ಆಗಿತ್ತು. ಅಂಥ ಲೀಗಿಗೆ ಬೆಂಚಿನಲ್ಲಿ ಇನ್ನೊಬ್ಬನನ್ನು ಸೇರಿಸಿ.

ಮತ್ತೆ, ಲೀಗ್ ನಿಜವಾಗಿ ಶುರುವಾಗುವವರೆಗೆ ಬೆಲೆ ಕಟ್ಟಲು ಕೂರಬೇಡಿ. 2025ರಲ್ಲಿ ವಾಣಿಜ್ಯ ಹಕ್ಕಿನ ಒಪ್ಪಂದದ ಗೊಂದಲದಿಂದ ಐಎಸ್‌ಎಲ್ ಎಂದಿನಂತೆ ಸೆಪ್ಟೆಂಬರ್‌ನಲ್ಲಿ ಶುರುವಾಗಲೇ ಇಲ್ಲ.

8. ಶೀಟು

ನಾಲ್ಕು ಹಾಳೆ: ಆಟಗಾರರು, ಮ್ಯಾನೇಜರ್ ತಂಡಗಳು, ಪಂದ್ಯದ ದಾಖಲೆ, ಅಂಕಪಟ್ಟಿ. ಪಂದ್ಯದ ದಾಖಲೆಯಲ್ಲಿ ಒಬ್ಬ ಆಟಗಾರನಿಗೆ ಒಂದು ಪಂದ್ಯಕ್ಕೆ ಒಂದು ಸಾಲು. ಕೂಡಿಸಲು ಸಮ್‌ಇಫ್ಸ್ ಎಂಬ ಸೂತ್ರ ಸಾಕು. ಇಂಥ ಆಟಗಾರ, ಇಂಥ ವಾರ ಎಂದು ಹೇಳಿದರೆ ಆ ಸಾಲುಗಳನ್ನು ಮಾತ್ರ ಅದು ಕೂಡಿಸುತ್ತದೆ.

ಹೆಸರಿನಿಂದ ಹುಡುಕಬೇಡಿ. ಒಂದೇ ಹೆಸರನ್ನು ಮೂರು ಕಡೆ ಮೂರು ಥರ ಬರೆದಿರುತ್ತಾರೆ, ಸೂತ್ರಕ್ಕೆ ಅವರು ಮೂವರು ಬೇರೆ ಜನ. ಕ್ಲಬ್ಬಿನ ಚಿಕ್ಕ ಗುರುತು ಮತ್ತು ಜೆರ್ಸಿ ಸಂಖ್ಯೆ ಸೇರಿಸಿ ಸಂಕೇತ ಕೊಡಿ: ಕಣ್ಣೂರಿನ 9ನೇ ಜೆರ್ಸಿಗೆ ಕಣ್-9. ಎಲ್ಲರಿಗೂ ನೋಡಲು ಅನುಮತಿ ಕೊಡಿ, ತಿದ್ದಲು ಇಬ್ಬರಿಗೆ ಮಾತ್ರ.

9. ಜಗಳ ಬರುವ ಮೊದಲೇ ತೀರ್ಪು

2024-25ರ ಐ-ಲೀಗ್ ಏಪ್ರಿಲ್‌ನಲ್ಲಿ ಮುಗಿದಾಗ ಪಟ್ಟಿಯ ಮೇಲಿದ್ದದ್ದು ಚರ್ಚಿಲ್ ಬ್ರದರ್ಸ್. ಒಬ್ಬ ಆಟಗಾರ ಅರ್ಹನೋ ಅಲ್ಲವೋ ಎಂಬ ತಕರಾರುಗಳು ಮೇಲಿಂದ ಮೇಲೆ ಹೋಗಿ, ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಾಲಯ ಜುಲೈನಲ್ಲಿ ಇಂಟರ್ ಕಾಶಿಯೇ ಚಾಂಪಿಯನ್ ಎಂದಿತು. ನಿಮ್ಮ ಫ್ಯಾಂಟಸಿಯ ಅಂಕವನ್ನೂ ಜುಲೈವರೆಗೆ ತೆರೆದಿಡುತ್ತೀರಾ?

ಅದಕ್ಕೇ ಮೂರು ಸಾಲು ಬರೆದು ಗುಂಪಿನ ಮೇಲ್ಗಡೆ ಪಿನ್ ಮಾಡಿ. ಒಂದು, ಮೈದಾನದಲ್ಲಿ ಆದದ್ದೇ ಲೆಕ್ಕ, ಆಮೇಲಿನ ತೀರ್ಪು ನಮಗೆ ಬೇಡ. ಎರಡು, ಆಡದೆಯೇ 3-0 ಎಂದು ಘೋಷಿಸಿದ ಪಂದ್ಯಕ್ಕೆ ಯಾರಿಗೂ ಅಂಕ ಇಲ್ಲ. ಮೂರು, ಅಂಕ ಪ್ರಕಟಿಸಿ 48 ಗಂಟೆಯೊಳಗೆ ಆಕ್ಷೇಪ ಹೇಳಬೇಕು. ಮೂರನೆಯದನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ. ನಮ್ಮಲ್ಲಿ ಒಬ್ಬ ಮಾರಾಯ ಎರಡನೇ ಸುತ್ತಿನ ಹಳದಿ ಕಾರ್ಡಿನ ಬಗ್ಗೆ ಸೆಮಿಫೈನಲ್‌ನಲ್ಲಿ ಸೋತ ಮೇಲೆ ಸ್ಕ್ರೀನ್‌ಶಾಟ್ ಹಾಕಿದ್ದ.

ಇಷ್ಟು ಸಿದ್ಧವಾದ ಮೇಲೆ ಮೊದಲ ಸುತ್ತನ್ನು ಲೆಕ್ಕಕ್ಕಿಲ್ಲದ ಹಾಗೆ ಆಡಿ ನೋಡುವ ಆಸೆ ಬರಬಹುದು. 10 ಸುತ್ತಿನ ಲೀಗಿನಲ್ಲಿ ಅಷ್ಟು ಐಷಾರಾಮ ಇಲ್ಲ. ಬದಲಿಗೆ ಕಳೆದ ವರ್ಷದ ಯಾವುದಾದರೂ ಮೂರು ಪಂದ್ಯಗಳ ಸ್ಕೋರ್ ಪಟ್ಟಿ ತೆಗೆದು ಶೀಟಿಗೆ ತುಂಬಿಸಿ. ಗೋಲ್‌ಪೋಸ್ಟಿಗೆ ಸ್ಟ್ರೈಕರ್‌ಗಿಂತ ಜಾಸ್ತಿ ಅಂಕ ಬರುತ್ತಿದ್ದರೆ ಕ್ಲೀನ್ ಶೀಟಿನ 4ನ್ನು 3ಕ್ಕೆ ಇಳಿಸಿ, ಆಮೇಲೆ ಗುಂಪಿಗೆ ಲಿಂಕ್ ಕಳಿಸಿ.